ಬಿಡುಗಡೆಯ ದಿನ ನಾನು ಕೇಳದೆ ಬಿಟ್ಟ ಪ್ರಶ್ನೆ

ಮಂಡ್ಯದ ಆಸ್ಪತ್ರೆಯೊಂದರ ಮೆಡಿಸಿನ್ ವಾರ್ಡಿನಲ್ಲಿ ನಾನು 14 ವರ್ಷಗಳಿಂದ ಶುಶ್ರೂಷಕಿಯಾಗಿದ್ದೇನೆ. ಹೃದಯ ವೈಫಲ್ಯದ ರೋಗಿಗಳನ್ನು ಮನೆಗೆ ಕಳುಹಿಸುವ ಮುನ್ನ ಅವರ ಪಕ್ಕದಲ್ಲಿ ಕುಳಿತು ಮಾತ್ರೆ, ಊಟ, ನೀರಿನ ಬಗ್ಗೆ ತಿಳಿಸಿ ಹೇಳುವುದು ನನ್ನ ಪಾಲಿನ ಕೆಲಸ. ಅದನ್ನು ಚೆನ್ನಾಗಿಯೇ ಮಾಡುತ್ತಿದ್ದೇನೆ ಎಂದು ಬಹಳ ಕಾಲ ನಂಬಿದ್ದೆ. ಪಾಂಡವಪುರದ ಕಡೆಯ ಕಬ್ಬು ಬೆಳೆಗಾರರೊಬ್ಬರು ಮನೆಗೆ ಹೋದ 19ನೇ ದಿನಕ್ಕೆ ಅದೇ ವಾರ್ಡಿಗೆ ಮರಳಿ ಬಂದಾಗ ಆ ನಂಬಿಕೆ ಅಲುಗಿತು.

ಮೊದಲ ಸಲ ದಾಖಲಾದಾಗ ಅವರ ತೂಕ 67 ಕಿಲೋ ಇತ್ತು. ಮೊಣಕಾಲಿನ ಕೆಳಗೆ, ಮೂಳೆಯ ಮೇಲೆ, ಹೆಬ್ಬೆರಳಿನಿಂದ ಒತ್ತಿ ಕೈ ತೆಗೆದರೆ ಗುಳಿ ಹಾಗೆಯೇ ಉಳಿಯುತ್ತಿತ್ತು. ನಾನು ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಿದ ಮೇಲೂ ಅದು ತುಂಬಿರಲಿಲ್ಲ. ಮಲಗಿದರೆ ದಮ್ಮು ಕಟ್ಟುತ್ತದೆಂದು ಮೂರು ವಾರಗಳಿಂದ ಗೋಡೆಗೆ ಒರಗಿ ಕುಳಿತೇ ರಾತ್ರಿ ಕಳೆದಿದ್ದರು. ಎಕೋ ಪರೀಕ್ಷೆಯಲ್ಲಿ ಎಜೆಕ್ಷನ್ ಫ್ರ್ಯಾಕ್ಷನ್ ಶೇ. 30 ಎಂದು ಬಂದಿತ್ತು. ಎಡ ಹೃತ್ಕುಕ್ಷಿಯಲ್ಲಿ ತುಂಬಿಕೊಂಡ ರಕ್ತದಲ್ಲಿ ಪ್ರತಿ ಬಡಿತಕ್ಕೆ ಹೊರಹೋಗುವ ಪಾಲು ಅದು. ಆರೋಗ್ಯವಂತರಲ್ಲೂ ಅದು ನೂರಕ್ಕೆ ನೂರು ಇರುವುದಿಲ್ಲ, ಸಾಮಾನ್ಯವಾಗಿ 50ರಿಂದ 70ರ ನಡುವೆ ಇರುತ್ತದೆ. ಆದರೆ ‘ಮೂವತ್ತು’ ಎಂಬ ಅಂಕಿಯನ್ನೂ ‘ಹಾರ್ಟ್ ಫೇಲ್ಯೂರ್’ ಎಂಬ ಹೆಸರನ್ನೂ ಒಟ್ಟಿಗೆ ಕೇಳಿದ ಅವರ ಮಗ, ಎದೆ ಇನ್ನೇನು ನಿಂತೇ ಹೋಗುತ್ತದೆಂದು ತಿಳಿದು ವರಾಂಡದಲ್ಲಿ ಅಳುತ್ತ ನಿಂತಿದ್ದರು. ಈ ಹೆಸರು ನಮ್ಮ ಜನರಿಗೆ ಮಾಡುವ ಮೊದಲ ಕೆಡುಕು ಇದೇ. ಹೃದಯ ನಿಂತಿಲ್ಲ, ಅದಕ್ಕೆ ತ್ರಾಣ ಸಾಲುತ್ತಿಲ್ಲ ಎಂಬುದನ್ನು ಬೇರೆಲ್ಲದಕ್ಕಿಂತ ಮೊದಲು ಹೇಳಬೇಕು.

ನೀರು ಏಕೆ ತುಂಬುತ್ತದೆ ಎಂಬುದನ್ನು ಅವರಿಗೆ ನಾಲೆಯ ಲೆಕ್ಕದಲ್ಲಿ ವಿವರಿಸಿದೆ. ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದ ಗದ್ದೆಗೆ ನೀರು ಸರಿಯಾಗಿ ಬರದಿದ್ದರೆ ಅಲ್ಲಿಯ ರೈತನು ಕಟ್ಟೆಯಲ್ಲೇ ನೀರಿಲ್ಲವೆಂದು ತಿಳಿದು, ಬಂದಷ್ಟನ್ನು ಬದು ಕಟ್ಟಿ ಹಿಡಿದಿಡುತ್ತಾನಲ್ಲವೇ? ಮೂತ್ರಪಿಂಡ ಮಾಡುವುದೂ ಅದನ್ನೇ. ಸೋತ ಹೃದಯದಿಂದ ತನಗೆ ಬರುವ ರಕ್ತ ಕಡಿಮೆಯಾದಾಗ, ದೇಹದಲ್ಲಿ ನೀರೇ ಕಡಿಮೆಯಾಗಿದೆಯೆಂದು ಭಾವಿಸಿ ರೆನಿನ್, ಅಲ್ಡೊಸ್ಟಿರೋನ್ ಮುಂತಾದ ರಾಸಾಯನಿಕಗಳ ಮೂಲಕ ಉಪ್ಪನ್ನೂ ಅದರ ಜೊತೆಗೆ ನೀರನ್ನೂ ಹಿಡಿದಿಡುತ್ತದೆ. ಹಾಗೆ ನಿಂತ ನೀರೇ ಕಾಲಿಗೆ ಇಳಿಯುತ್ತದೆ, ಮಲಗಿದಾಗ ಶ್ವಾಸಕೋಶದಲ್ಲಿ ಉಸಿರು ಕಟ್ಟಿಸುತ್ತದೆ. ಅವರು ತಲೆಯಾಡಿಸಿದರು, ಕೇಳಿದ ಪ್ರಶ್ನೆಗಳನ್ನು ನೋಡಿದರೆ ಅರ್ಥವಾಗಿತ್ತೆಂದೇ ಹೇಳಬೇಕು.

ಫ್ಯೂರೋಸೆಮೈಡ್ ಚುಚ್ಚುಮದ್ದಿನಿಂದ ನೀರು ಇಳಿದು, 61 ಕಿಲೋ ತೂಕದಲ್ಲಿ ಅವರು ಮನೆಗೆ ಹೊರಟರು. ಉಪ್ಪು ಕಡಿಮೆ ಮಾಡಿ, ಮಾತ್ರೆ ತಪ್ಪಿಸಬೇಡಿ, ದಿನಕ್ಕೆ ಒಂದೂವರೆ ಲೀಟರಿಗಿಂತ ಹೆಚ್ಚು ನೀರು ಬೇಡ ಎಂದು ವೈದ್ಯರು ಬರೆದದ್ದನ್ನೆಲ್ಲ ಓದಿ ಹೇಳಿ, ‘ಸಲಹೆ ನೀಡಲಾಗಿದೆ’ ಎಂಬ ಸಾಲಿನ ಮುಂದೆ ಸಹಿ ಹಾಕಿದೆ.

ಮರಳಿ ಬಂದಾಗ ತೂಕ 66 ಕಿಲೋ ಆಗಿತ್ತು. ಮಾತ್ರೆಯ ಪಟ್ಟಿಗಳನ್ನು ಎಣಿಸಿ ನೋಡಿದೆ, ಒಂದೂ ತಪ್ಪಿರಲಿಲ್ಲ. ಕಾರಣ ಸಿಕ್ಕಿದ್ದು ಅವರ ಸೊಸೆ ಚೀಲವನ್ನು ಮಂಚದ ಮೇಲೆ ಸುರಿದಾಗ. ನಮ್ಮ ಮಾತ್ರೆಗಳ ನಡುವೆ, ಯಾವ ಚೀಟಿಯಲ್ಲೂ ಇಲ್ಲದ, ಅರ್ಧ ಖಾಲಿಯಾದ ಡೈಕ್ಲೊಫಿನಾಕ್ ಪಟ್ಟಿಯೊಂದಿತ್ತು. ಮಂಡಿನೋವಿಗೆಂದು ಎರಡು ವರ್ಷಗಳಿಂದ ಅಂಗಡಿಯಿಂದ ಕೊಂಡು ನುಂಗುತ್ತಿದ್ದರಂತೆ, ಗದ್ದೆಗೆ ಇಳಿದ ದಿನ ಎರಡು. ಡೈಕ್ಲೊಫಿನಾಕ್, ಐಬುಪ್ರೊಫೆನ್ ಜಾತಿಯ ನೋವಿನ ಮಾತ್ರೆಗಳು ಮೂತ್ರಪಿಂಡದಲ್ಲಿ ಉಪ್ಪು ಮತ್ತು ನೀರನ್ನು ಹಿಡಿದಿಡುತ್ತವೆ, ಮೂತ್ರದ ಮೂಲಕ ನೀರನ್ನು ಹೊರಹಾಕುವ ನೀರಿನ ಮಾತ್ರೆಯ ಬಲವನ್ನೂ ಕುಗ್ಗಿಸುತ್ತವೆ. ನಾವು ಒಂದು ಕಡೆಯಿಂದ ತೂಬು ತೆಗೆಯುತ್ತಿದ್ದರೆ ಅದು ಇನ್ನೊಂದು ಕಡೆಯಿಂದ ಮುಚ್ಚುತ್ತಿತ್ತು. ‘ಇದನ್ನು ಏಕೆ ಹೇಳಲಿಲ್ಲ?’ ಎಂದಾಗ ಅವರು ಯಾವ ಆಕ್ಷೇಪವೂ ಇಲ್ಲದ ದನಿಯಲ್ಲಿ, ‘ನೀವು ಎದೆಯ ಮಾತ್ರೆ ಕೇಳಿದ್ರಿ, ಇದು ಮಂಡಿದಲ್ವಾ ಸಿಸ್ಟರ್’ ಎಂದರು. ಆ ಮಾತು ಈಗಲೂ ನನ್ನ ಕಿವಿಯಲ್ಲಿದೆ. ತಪ್ಪು ಪೂರ್ತಿ ನನ್ನದೇ ಆಗಿತ್ತು: ನಾನು ಹೇಳಿದ್ದೆನೇ ಹೊರತು ಕೇಳಿರಲಿಲ್ಲ.

ಅಂದು ಸಂಜೆ ಸೊಸೆಯೊಂದಿಗೆ ಬಹಳ ಹೊತ್ತು ಕುಳಿತೆ. ಮೊದಲ ಸಲ ನಾನು ಉಪ್ಪಿನ ವಿಷಯ ಹೇಳಿದ್ದು ಮಗನಿಗೆ, ಆದರೆ ಒಲೆಯ ಮುಂದೆ ನಿಲ್ಲುವವರು ಈಕೆ. ‘ನಿನ್ನೆ ಏನು ಮಾಡಿದ್ದಿರಿ, ಮೊನ್ನೆ ಏನು?’ ಎಂದು ಒಂದೊಂದೇ ಊಟ ಕೇಳುತ್ತ ಹೋದೆ. ವಾರಕ್ಕೆ ಮೂರು ನಾಲ್ಕು ದಿನ ಮುದ್ದೆ, ಉಪ್ಪೆಸ್ರು. ಸೊಪ್ಪು ಕಾಳು ಬೇಯಿಸಿದ ಉಪ್ಪು ನೀರನ್ನೇ ತಟ್ಟೆ ತುಂಬ ಬಿಟ್ಟುಕೊಂಡು, ಉಪ್ಪು ಹಾಕಿ ಅರೆದ ಖಾರವನ್ನು ಅದಕ್ಕೆ ಕಲಸಿ ಉಣ್ಣುವ ಊಟವದು. ‘ಉಪ್ಪು ಕಡಿಮೆ ಮಾಡಿ’ ಎಂಬ ಮಾತನ್ನು ಆಕೆ ಪಾಲಿಸಿದ್ದರು. ಉಪ್ಪಿನಕಾಯಿ, ಹಪ್ಪಳ ಎರಡನ್ನೂ ನಿಲ್ಲಿಸಿದ್ದರು. ಉಪ್ಪೆಸ್ರು ಲೆಕ್ಕಕ್ಕೆ ಬಂದಿರಲಿಲ್ಲ, ಏಕೆಂದರೆ ಅದು ಊಟ. ಅದನ್ನು ಬಿಡಿ ಎನ್ನಲು ನನಗೆ ಮನಸ್ಸಾಗಲಿಲ್ಲ, ಹೇಳಿದ್ದರೂ ನಡೆಯುತ್ತಿರಲಿಲ್ಲ. ಸೊಪ್ಪನ್ನು ಉಪ್ಪಿಲ್ಲದೆ ಬೇಯಿಸಿ, ಖಾರಕ್ಕೆ ಬೆಳ್ಳುಳ್ಳಿ, ಮೆಣಸು, ಹುಣಿಸೆ ಹೆಚ್ಚಿಸಿ, ಇಡೀ ದಿನಕ್ಕೆ ಅವರ ಪಾಲಿನ ಉಪ್ಪನ್ನು ಬೆಳಿಗ್ಗೆಯೇ ಒಂದು ಸಣ್ಣ ಡಬ್ಬಿಗೆ ತೆಗೆದಿಡುವುದೆಂದು ಇಬ್ಬರೂ ಸೇರಿ ನಿರ್ಧರಿಸಿದೆವು.

ನೀರಿನ ಅಳತೆಗೂ ಆಕೆಯೇ ದಾರಿ ಕಂಡುಕೊಂಡರು. ಒಂದೂವರೆ ಲೀಟರ್ ನೀರನ್ನು ಬಾಟಲಿಯಲ್ಲಿ ತುಂಬಿಟ್ಟು, ಮಾವ ಕಾಫಿಯನ್ನೋ ಮಜ್ಜಿಗೆಯನ್ನೋ ಕುಡಿದಾಗ ಅಷ್ಟೇ ನೀರನ್ನು ಬಾಟಲಿಯಿಂದ ತುಳಸಿ ಗಿಡಕ್ಕೆ ಸುರಿಯುವುದು. ಬಾಟಲಿ ಖಾಲಿಯಾದರೆ ಅಂದಿನ ಪಾಲು ಮುಗಿಯಿತು. ಇದನ್ನು ನಾನು ಈಗ ಎಲ್ಲರಿಗೂ ಹೇಳಿಕೊಡುತ್ತೇನೆ.

ಈ ಊರಿನಲ್ಲಿ ಕೇಳಲೇಬೇಕಾದ ಇನ್ನೊಂದು ಪ್ರಶ್ನೆ ಎಳನೀರಿನದು. ಮದ್ದೂರಿನ ದಾರಿಯಲ್ಲಿ ಬರುವ ಯಾವ ನೆಂಟರೂ ರೋಗಿಯನ್ನು ನೋಡಲು ಬರಿಗೈಯಲ್ಲಿ ಬರುವುದಿಲ್ಲ. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು. ಹೃದಯ ವೈಫಲ್ಯಕ್ಕೆ ಕೊಡುವ ಸ್ಪೈರೊನೊಲ್ಯಾಕ್ಟೋನ್, ರಾಮಿಪ್ರಿಲ್‌ನಂತಹ ಮಾತ್ರೆಗಳು ಅದೇ ಪೊಟ್ಯಾಸಿಯಂ ಅನ್ನು ದೇಹದಲ್ಲಿ ಉಳಿಸುತ್ತವೆ, ಅದು ಅತಿಯಾದರೆ ಹೃದಯದ ಬಡಿತವೇ ತಾಳ ತಪ್ಪಬಹುದು. ‘ಕಡಿಮೆ ಸೋಡಿಯಂ’ ಎಂದು ಮಾರುವ ಉಪ್ಪಿನಲ್ಲಿಯೂ ಪೊಟ್ಯಾಸಿಯಂ ಕ್ಲೋರೈಡ್ ಇರುವುದರಿಂದ, ವೈದ್ಯರನ್ನು ಕೇಳದೆ ಅದನ್ನು ಬಳಸಬಾರದು. ಹಾಗೆಯೇ ಡಪಾಗ್ಲಿಫ್ಲೋಜಿನ್ ಮಾತ್ರೆಯನ್ನು ‘ಇದು ಶುಗರ್ ಮಾತ್ರೆ, ನಿಮಗೆ ಶುಗರ್ ಇಲ್ಲವಲ್ಲ’ ಎಂದು ಯಾರೋ ಹೇಳಿದರೆಂದು ನಿಲ್ಲಿಸಿದವರು ನಮ್ಮಲ್ಲಿಗೆ ಬಂದಿದ್ದಾರೆ. ಸಕ್ಕರೆ ಕಾಯಿಲೆ ಇಲ್ಲದವರ ಹೃದಯ ವೈಫಲ್ಯಕ್ಕೂ ಅದು ಉಪಯುಕ್ತವೆಂದು 2019ರ ಅಧ್ಯಯನದಲ್ಲೇ ಗೊತ್ತಾಗಿದೆ.

ಎರಡನೆಯ ಸಲ ಅವರು ಮನೆಗೆ ಹೊರಟಾಗ ನೋವಿಗೆ ವೈದ್ಯರು ಪ್ಯಾರಾಸಿಟಮಾಲ್ ಬರೆದರು, ಮಗ ಒಂದು ತೂಕದ ಯಂತ್ರ ಕೊಂಡರು. ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದು, ಏನನ್ನೂ ತಿನ್ನುವ ಮೊದಲು ತೂಗಬೇಕು. ಒಂದೇ ದಿನದಲ್ಲಿ ಒಂದು ಕಿಲೋಗಿಂತ ಹೆಚ್ಚು ಅಥವಾ ವಾರದಲ್ಲಿ ಎರಡು ಕಿಲೋಗಿಂತ ಹೆಚ್ಚು ಏರಿದರೆ, ದಮ್ಮು ಬರುವವರೆಗೆ ಕಾಯದೆ ಕರೆ ಮಾಡಬೇಕೆಂದು ಹೇಳಿದ್ದೆ. ಕಾಲು ಊದುವುದು ಕಣ್ಣಿಗೆ ಬೀಳುವ ಮೊದಲೇ ತೂಕ ಅದನ್ನು ಹೇಳಿರುತ್ತದೆ.

ಒಂದು ತಿಂಗಳ ನಂತರ ಸೊಸೆ ಗೋಡೆಯ ಕ್ಯಾಲೆಂಡರನ್ನೇ ಮೊಳೆಯಿಂದ ತೆಗೆದು ಸುತ್ತಿ ತಂದಿದ್ದರು. ಪ್ರತಿ ತಾರೀಖಿನ ಕೆಳಗೆ ಪೆನ್ಸಿಲಿನಲ್ಲಿ ತೂಕ ಬರೆದಿತ್ತು: 61.2, 61, 61.3. ಒಂದು ಸೋಮವಾರದ ಚೌಕದಲ್ಲಿ ಮಾತ್ರ 62.8, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ‘ನಿನ್ನೆ ಮದುವೆ ಊಟ’ ಎಂದಿತ್ತು. ಅಂದು ಬೆಳಿಗ್ಗೆ ಏಳೂವರೆಗೇ ಆಕೆ ಕರೆ ಮಾಡಿದ್ದರು. ವೈದ್ಯರು ಮೂರು ದಿನದ ಮಟ್ಟಿಗೆ ನೀರಿನ ಮಾತ್ರೆಯನ್ನು ಹೆಚ್ಚಿಸಿದ್ದರು. ಗುರುವಾರದ ಚೌಕದಲ್ಲಿ 61.4 ಎಂದು ಬರೆದಿತ್ತು.