ಬಾನೆಟ್ ಮೇಲಿನ ಉಲ್ಲನ್ ದಾರ

ದಾವಣಗೆರೆ
20 ಏಪ್ರಿಲ್ 2025, ಭಾನುವಾರ

ತಮ್ಮನ ಜೀಪು ಮತ್ತೆ ಕುದಿಯಿತು. ಈ ಸಲ ಭರಮಸಾಗರದ ಹತ್ತಿರ, ಹೈವೇ ಮೇಲೆ. ಅವ್ವ ಜೊತೆಗಿದ್ದಳು. ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ರಸ್ತೆ ಪಕ್ಕ ಕೂತಿದ್ದಳಂತೆ. ಕೇಳಿದರೆ "ಏನೂ ಆಗಿಲ್ಲ ಬಿಡು" ಅಂದಳು. ಅವಳು ಯಾವಾಗಲೂ ಅಷ್ಟೇ.

ತಮ್ಮನಿಗೆ ಅಮೆರಿಕದ ಹಾಟ್ ರಾಡ್ ಕಾರುಗಳ ಹುಚ್ಚು, ಅಂದರೆ ವೇಗಕ್ಕಾಗಿ ಮಾರ್ಪಡಿಸಿದ ಹಳೇ ಕಾರುಗಳು. ಮೊಬೈಲ್ ತುಂಬಾ 1932ರ ಫೋರ್ಡ್ ಚಿತ್ರಗಳೇ. ಆ ಕಾರಿನ ಎಂಟು ಸಿಲಿಂಡರಿನ ಫ್ಲಾಟ್‌ಹೆಡ್ ವಿ8 ಎಂಜಿನ್ನೂ ಬಿಸಿಯಾಗುವುದಕ್ಕೆ ಹೆಸರುವಾಸಿ. ಹೊಗೆ ಹೋಗುವ ದಾರಿ ಎಂಜಿನ್ನಿನ ಲೋಹದ ಬ್ಲಾಕಿನ ಒಳಗೇ ಇತ್ತು, ಹಾಗಾಗಿ ಆ ಕಾವೆಲ್ಲ ಎಂಜಿನ್ ತಣ್ಣಗಿಡುವ ನೀರಿಗೇ ಇಳಿಯುತ್ತಿತ್ತು. ಅದನ್ನು ತಣ್ಣಗಿಡಲು ಅಲ್ಲಿಯವರು ಎಷ್ಟೆಲ್ಲ ಒದ್ದಾಡಿದ್ದಾರೆ. ಇವನು ಹಿಡಿದುಕೊಂಡದ್ದು ಒಂದನ್ನೇ. ಬಾನೆಟ್ಟಿನ ಹಿಂದಿನ ಅಂಚಿಗೆ ವಾಷರ್ ಕೊಟ್ಟು ಎರಡು ಬೆರಳು ಎತ್ತರಿಸಿದ್ದ. ಬಿಸಿ ಗಾಳಿ ಅಲ್ಲಿಂದ ಹೊರಗೆ ಹೋಗುತ್ತದೆ ಅಂತ.

ಭಾನುವಾರ ಗ್ಯಾರೇಜ್ ಬಾಗಿಲು ಹಾಕಿತ್ತು. ಫೋನ್ ಮಾಡಿದ್ದಕ್ಕೆ ಮೆಕ್ಯಾನಿಕ್ ಚಾಚಾ ಬಂದು ತೆಗೆದರು. ಅವರು ಕೇಳಿದ ಮೊದಲ ಮಾತು: "ನಿಂತಾಗ ಕಾಯ್ತದೋ, ಓಡುವಾಗ ಕಾಯ್ತದೋ?"

"ಓಡುವಾಗ."

ಎಂಜಿನ್ ಚಾಲೂ ಮಾಡಿಸಿ, ಎಂಜಿನ್ ನೀರನ್ನು ತಣ್ಣಗಾಗಿಸುವ ರೇಡಿಯೇಟರ್ ಮುಂದೆ ಒಂದು ಪೇಪರ್ ಹಾಳೆ ಹಿಡಿದರು. ಚಕ್ಕನೆ ಅಂಟಿಕೊಂಡಿತು. "ಫ್ಯಾನು ಎಳೀತಾ ಐತೆ. ನಿಂತಾಗ ಅದರ ಕೆಲಸ. ಹೈವೇದಾಗ ಎದುರು ಗಾಳೀನೇ ಸಾಕು, ಫ್ಯಾನು ಬೇಕೇ ಇಲ್ಲ." ದೊಡ್ಡ ರೇಡಿಯೇಟರ್ ಹಾಕಿಸೋಣ ಅಂತ ತಮ್ಮ ದುಡ್ಡು ಹೊಂದಿಸಿಕೊಂಡೇ ಬಂದಿದ್ದ. ಚಾಚಾ ತಲೆಯಾಡಿಸಿದರು. "ಒಳಗಿಂದ ಹೊರಗೆ ಹೋಗಾಕೆ ದಾರಿ ಇಲ್ಲಂದ್ರೆ, ಹೊಸ ಗಾಳಿ ಹೆಂಗ್ ಬರ್ತದಪ್ಪ?"

ಆಮೇಲೆ ಉಲ್ಲನ್ ದಾರದ ತುಂಡುಗಳನ್ನು ಬಾನೆಟ್ ತುಂಬಾ ಟೇಪಿನಲ್ಲಿ ಅಂಟಿಸಿದರು. ನನ್ನನ್ನು ಮುಂದೆ ಕೂರಿಸಿ "ಕಣ್ಣು ಅದರ ಮೇಲೇ ಇರಲಿ ನೋಡಮ್ಮ" ಅಂದರು. ರಿಂಗ್ ರೋಡಿನಲ್ಲಿ ವೇಗ 60 ದಾಟಿತು. ಮುಂದಿನ ದಾರಗಳು ನೆಟ್ಟಗೆ ಹಿಂದಕ್ಕೆ ಮಲಗಿದವು. ಗಾಜಿನ ಹತ್ತಿರದವು ಸ್ವಲ್ಪ ಹೊತ್ತು ತಡಕಾಡಿದವು. ಆಮೇಲೆ ಬಾಗಿ, ಆ ಎರಡು ಬೆರಳಿನ ಸಂದಿಯೊಳಗೆ ಸುರ್ರನೆ ನುಗ್ಗಿದವು. ಹೊರಗೆ ಅಲ್ಲ, ಒಳಗೆ!

ಜೀಪಿನ ಗಾಜು ಗೋಡೆಯಷ್ಟು ನೆಟ್ಟಗೆ. ಗಾಳಿ ಅದಕ್ಕೆ ಬಡಿದು ನಿಲ್ಲುತ್ತದೆ, ಅಲ್ಲಿ ಒತ್ತಡ ಜಾಸ್ತಿ. ಆ ಒತ್ತಡವೇ ಸಂದಿಯಿಂದ ಬಾನೆಟ್ಟಿನೊಳಗೆ ತುಂಬಿಕೊಳ್ಳುತ್ತದೆ. ರೇಡಿಯೇಟರ್ ಮೂಲಕ ಬರಬೇಕಾದ ಗಾಳಿಗೆ ಜಾಗವೇ ಇಲ್ಲ. ಜೀಪು ನಿಂತಾಗ ಮಾತ್ರ ಅದೇ ಸಂದಿಯಿಂದ ಬಿಸಿ ಮೇಲೇರಿ ಹೋಗುತ್ತದೆ. ಅದನ್ನು ನೋಡಿಯೇ ಇವನು ನಂಬಿದ್ದು. ಎಷ್ಟು ಚೆಂದದ ಪರೀಕ್ಷೆ! ನನಗೆ ಖುಷಿಯಿಂದ ಕೂಗಬೇಕು ಅನ್ನಿಸಿತು.

ವಾಷರ್ ತೆಗೆಯುವಾಗ ತಮ್ಮನ ಅಂಗಿಯ ತೋಳು ಮೇಲೆ ಸರಿಯಿತು. ಮಣಿಕಟ್ಟಿನ ಹತ್ತಿರ ಕೆಂಪಗೆ ಬೊಕ್ಕೆ ಎದ್ದಿದೆ. ಭರಮಸಾಗರದಲ್ಲಿ ಬಿಸಿ ಇರುವಾಗಲೇ ರೇಡಿಯೇಟರ್ ಮುಚ್ಚಳ ತಿರುಗಿಸಿದ್ದಾನೆ. ಮುಚ್ಚಳದ ಒತ್ತಡ ಇರುವವರೆಗೆ ನೀರು 100 ಡಿಗ್ರಿ ದಾಟಿದರೂ ಸುಮ್ಮನಿರುತ್ತದೆ. ಮುಚ್ಚಳ ಸಡಿಲವಾದ ಕೂಡಲೇ ಕುದ್ದು ಹಾರುತ್ತದೆ. ಅವ್ವ ಇದನ್ನೂ ಹೇಳಲಿಲ್ಲ. ಚಾಚಾ ಮುಂದೆ ನಾನು ಏನೂ ಅನ್ನಲಿಲ್ಲ, ಆದರೆ ಮನೆಗೆ ಬರುವವರೆಗೆ ಅವನ ಜೊತೆ ಮಾತಾಡಲಿಲ್ಲ. ಮುಖಕ್ಕೆ ಹಾರಿದ್ದರೆ?

ರೇಡಿಯೇಟರಿನ ಎರಡೂ ಪಕ್ಕದ ಸಂದಿಗೆ ಚಾಚಾ ರಬ್ಬರ್ ಪಟ್ಟಿ ಕೊಟ್ಟಿದ್ದಾರೆ. ಸುಲಭದ ದಾರಿ ಇದ್ದರೆ ಗಾಳಿ ಪಕ್ಕದಿಂದಲೇ ನುಸುಳಿಬಿಡುತ್ತದೆ. ಸಂಜೆ ಬಿಸಿ ತೋರಿಸುವ ಮೀಟರಿನ ಸೂಜಿ ಮಧ್ಯದಲ್ಲೇ ನಿಂತಿತ್ತು. ಸಂಜೆಯ ಮಾತು ಅದು. ಇಲ್ಲಿಯ ಏಪ್ರಿಲ್ ಮಧ್ಯಾಹ್ನಕ್ಕೆ ಇಷ್ಟು ಸಾಲದು ಅಂತಾರೆ ಚಾಚಾ. ಬಾನೆಟ್ಟಿನ ಮುಂಭಾಗದಲ್ಲಿ, ರೇಡಿಯೇಟರಿನ ಹಿಂದೆ, ಸೀಳು ಕೊಯ್ಯಬೇಕಂತೆ. ಅಲ್ಲಿ ಒತ್ತಡ ಕಡಿಮೆ, ಬಿಸಿ ಗಾಳಿ ತಾನಾಗೇ ಹೊರಬೀಳುತ್ತದೆ. ತಮ್ಮನಿಗೆ ಹೊಸ ಬಣ್ಣದ ಚಿಂತೆ. ನನ್ನ ಕೇಳಿದರೆ, ಬಣ್ಣ ಮತ್ತೆ ಹೊಡೆಸಬಹುದು, ಆದರೆ ಮಳೆಗಾಲದಲ್ಲಿ ಆ ಸೀಳಿನಿಂದ ನೀರು ನೇರ ಒಳಗೆ ಇಳಿಯುತ್ತದಲ್ಲ?