ಷರಾ ಕಾಲಂನಲ್ಲಿ ಸಿಕ್ಕ ಗಣೆ

ಚಳ್ಳಕೆರೆ, ಹಿರಿಯೂರು ಸೀಮೆಯ ಗೊಲ್ಲರಹಟ್ಟಿಗಳಲ್ಲಿ ಪಶುಪಾಲಕರಾದ ಕಾಡುಗೊಲ್ಲರ ದೈವ ಜುಂಜಪ್ಪನ ಕಥೆಯನ್ನು ಗಣೆಯ ಜೊತೆಗೆ ಹಾಡುತ್ತಾರೆ. ನೋಡುವವರ ಕಣ್ಣಿಗೆ ಗಣೆಯೆಂದರೆ ಉದ್ದನೆಯ ಬಿದಿರಿನ ಕೊಳಲು; ಕಾಡುಗೊಲ್ಲರಿಗೆ ಅದು ಜುಂಜಪ್ಪನಿಗೆ ಸೇರಿದ್ದು. ಕೆಲವು ವರ್ಷಗಳ ಹಿಂದೆ, ನಮ್ಮ ಚಿತ್ರದುರ್ಗದಿಂದ ಬಹಳ ದೂರದ ಒಂದು ವಸ್ತುಸಂಗ್ರಹಾಲಯದ ಗಾಜಿನ ಕಪಾಟಿನಲ್ಲಿ, ವೀಣೆ ಮತ್ತು ಡೋಲಿನ ಮಗ್ಗುಲಲ್ಲಿ ಇಂಥದೊಂದು ಗಣೆಯನ್ನು ಕಂಡೆ. ಅದರ ಮುಂದಿನ ಚೀಟಿಯಲ್ಲಿ ‘ಬ್ಯಾಂಬೂ ಫ್ಲೂಟ್, ಚಿತಲ್‌ಡ್ರೂಗ್ ಡಿಸ್ಟ್ರಿಕ್ಟ್’ ಎಂದಿತ್ತು, ಅಷ್ಟೆ. ಯಾವ ಹಟ್ಟಿಯದು, ಯಾರ ಕೈಯಿಂದ ಬಂತು ಎಂಬುದರ ಸುಳಿವಿರಲಿಲ್ಲ.

ಆದರೆ ಬಿದಿರಿನ ತುದಿಯಲ್ಲಿ ಬಿಳಿ ಬಣ್ಣದಲ್ಲಿ ಬರೆದ ಸಣ್ಣದೊಂದು ಸಂಖ್ಯೆಯಿತ್ತು. ಸಂಶೋಧಕರಿಗೆ ಚೀಟಿಗಿಂತ ಈ ಸಂಖ್ಯೆಯೇ ಮುಖ್ಯ. ಇದನ್ನು ಹಿಡಿದು ಒಳಗಿನ ಪತ್ರಾಗಾರಕ್ಕೆ ಹೋದರೆ ದಾಖಲಾತಿ ರಿಜಿಸ್ಟರಿನ ಸಾಲು ಸಿಗುತ್ತದೆ. ಆ ಸಾಲಿನಿಂದ ಕಡತ, ಕಡತದಿಂದ ತಂದವರ ದಿನಚರಿ, ಅದೃಷ್ಟವಿದ್ದರೆ ಒಂದು ಛಾಯಾಚಿತ್ರ. ಪೆನ್ನನ್ನು ಹೊರಗಿಟ್ಟು ಪೆನ್ಸಿಲಿನಲ್ಲಿ ಮಾತ್ರ ಬರೆದುಕೊಳ್ಳಬೇಕು, ಗಾಜಿನ ನೆಗೆಟಿವ್‌ಗಳನ್ನು ಕೈಗವಸಿಲ್ಲದೆ ಮುಟ್ಟಬಾರದು, ಕಡತದಲ್ಲಿ ಹಾಳೆಗಳು ಇದ್ದ ಕ್ರಮವನ್ನು ಕದಲಿಸಬಾರದು. ಈ ಕೊನೆಯ ನಿಯಮ ನನಗೆ ಮೊದಲು ಬರೀ ಕಿರಿಕಿರಿಯೆನಿಸಿತ್ತು. ದಿನಚರಿಯ ಎರಡು ಹಾಳೆಗಳ ನಡುವೆ ಎತ್ತಿನ ಗಾಡಿಯ ಬಾಡಿಗೆಯ ರಸೀದಿಯೊಂದು ಸಿಕ್ಕಿ, ಅದರಲ್ಲಿದ್ದ ಊರಿನ ಹೆಸರಿನಿಂದ ಅವರು ಆ ವಾರ ಹಿಡಿದ ದಾರಿ ಗೊತ್ತಾದ ಮೇಲೆ ಆ ಕಿರಿಕಿರಿ ಹೋಯಿತು. ಯಾರಾದರೂ ಕಡತವನ್ನು ‘ಒಪ್ಪ’ ಮಾಡಿ ರಸೀದಿಗಳನ್ನೆಲ್ಲ ಒಂದೆಡೆ ಸೇರಿಸಿದ್ದರೆ ಆ ದಾರಿ ಅಲ್ಲಿಗೆ ಮುಗಿಯುತ್ತಿತ್ತು.

ರಿಜಿಸ್ಟರಿನ ಷರಾ ಕಾಲಂನಲ್ಲಿ ಒಂದೇ ಸಾಲು: ‘ಎಂಟಾಣೆಗೆ ಕೊಂಡದ್ದು, ಮಾಲೀಕ ಊದಿ ತೋರಿಸಲು ಒಪ್ಪಲಿಲ್ಲ.’

ಅಚ್ಚಾದ ಪುಸ್ತಕಗಳಲ್ಲಿ ಇಂಥ ಸಾಲುಗಳು ಉಳಿಯುವುದು ಅಪರೂಪ. ಮದರಾಸಿನ ವಸ್ತುಸಂಗ್ರಹಾಲಯದ ಮುಖ್ಯಸ್ಥರಾಗಿದ್ದ ಎಡ್ಗರ್ ಥರ್ಸ್ಟನ್ 1909ರಲ್ಲಿ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಬಗ್ಗೆ 7 ಸಂಪುಟಗಳನ್ನು ತಂದರು. ಎಚ್.ವಿ. ನಂಜುಂಡಯ್ಯನವರು ಮೈಸೂರು ಸಂಸ್ಥಾನದಲ್ಲಿ ಆರಂಭಿಸಿದ ಸಮೀಕ್ಷೆಯನ್ನು, ಅವರ ನಿಧನಾನಂತರ ಎಲ್.ಕೆ. ಅನಂತಕೃಷ್ಣ ಅಯ್ಯರ್ ಮುಂದುವರಿಸಿ 4 ಸಂಪುಟಗಳಾಗಿ ಪೂರ್ಣಗೊಳಿಸಿದರು. ಇವುಗಳ ಉಪಕಾರ ದೊಡ್ಡದು, ನಿಜ. ಆದರೂ ಥರ್ಸ್ಟನ್ನರ ಕಾಲದ ಕೋಷ್ಟಕಗಳನ್ನು ಬಿಡಿಸಿದರೆ, ಮೂಗಿನ ಅಗಲವನ್ನು ನೂರರಿಂದ ಗುಣಿಸಿ ಉದ್ದದಿಂದ ಭಾಗಿಸಿದ ಸೂಚ್ಯಂಕಗಳು ಸಾಲುಸಾಲಾಗಿ ಸಿಗುತ್ತವೆ; ಆ ಮೂಗು ಯಾರದೆಂದು ತಿಳಿಯುವುದಿಲ್ಲ. ಇಂದಿನ ಸಂಶೋಧಕರು ಇಂಥ ಸಂಗ್ರಹಗಳಿಗೆ ಹೋಗುವುದು ಮೂಗಿನ ಅಳತೆಗಾಗಿ ಅಲ್ಲ, ಅಳೆದವರ ಮನಸ್ಸನ್ನು ಓದುವುದಕ್ಕೆ ಮತ್ತು ಅಳೆಸಿಕೊಂಡವರ ಹೆಸರನ್ನು ಎಲ್ಲಾದರೂ ಅಂಚಿನಲ್ಲಿ ಹುಡುಕುವುದಕ್ಕೆ.

ಟಿಪ್ಪಣಿಗಳು ಎಷ್ಟು ಅಳ್ಳಕವಾದ ಆಸ್ತಿಯೆಂಬುದಕ್ಕೆ ನಮ್ಮವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರ ಉದಾಹರಣೆಯಿದೆ. ಮೈಸೂರು ಸೀಮೆಯ ‘ರಾಂಪುರ’ದಲ್ಲಿ 1948ರಲ್ಲಿ ಅವರು ನಡೆಸಿದ ಕ್ಷೇತ್ರಕಾರ್ಯದ ಟಿಪ್ಪಣಿಗಳನ್ನು ವರ್ಷಗಟ್ಟಲೆ ಕುಳಿತು ಪರಿಷ್ಕರಿಸಿದ್ದರು. 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟಾನ್‌ಫರ್ಡ್‌ನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಅವುಗಳ ಮೂರೂ ಪ್ರತಿಗಳು ಸಿಕ್ಕಿದವು, ಏಕೆಂದರೆ ಮೂರೂ ಒಂದೇ ಕೋಣೆಯಲ್ಲಿದ್ದವು. ಶ್ರೀನಿವಾಸರು ನೆನಪಿನಿಂದಲೇ ಪುಸ್ತಕ ಬರೆದು ಗೆದ್ದರು. ಎಲ್ಲರಿಗೂ ಅಂಥ ನೆನಪಿರುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ಈ ಹಳೆಯ ಕಾಗದಗಳಿಗೆ ಇನ್ನೊಂದು ಬಗೆಯ ಓದುಗರೂ ಇದ್ದಾರೆ. ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ಕಾಡುಗೊಲ್ಲರ ಬೇಡಿಕೆಯಿಂದಾಗಿ ‘ಕುಲಶಾಸ್ತ್ರೀಯ ಅಧ್ಯಯನ’ ಎಂಬ ಮಾತು ಹಟ್ಟಿಯ ಕಟ್ಟೆಗಳಲ್ಲೂ ಕೇಳಿಬರುತ್ತದೆ. ಪರಿಶಿಷ್ಟ ಪಂಗಡವನ್ನು ಗುರುತಿಸಲು 1965ರ ಲೋಕೂರ್ ಸಮಿತಿ ಹೇಳಿದ ಐದು ಲಕ್ಷಣಗಳಲ್ಲಿ ಹೊರಗಿನವರ ಸಂಪರ್ಕಕ್ಕೆ ಅಂಜುವುದೂ ಒಂದು. ಕ್ಯಾಮೆರಾ ಕಂಡು ಹೆಂಗಸರು ಒಳಗೆ ಓಡಿದರೆಂದು ಯಾರೋ ಹಿಂದೆ ಗೀಚಿದ ಸಾಲು ಹೀಗೆ ಇಂದು ಸಾಕ್ಷ್ಯವಾಗಿಬಿಡಬಹುದು. ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ ನಿಂತ ಅಪರಿಚಿತನನ್ನು ಕಂಡರೆ ಆಗ ಪೇಟೆಯವರೂ ಓಡುತ್ತಿದ್ದರೇನೋ! ಯಾರು, ಯಾವ ಊರಿನಲ್ಲಿ, ಯಾವ ದುಭಾಷಿಯನ್ನು ಇಟ್ಟುಕೊಂಡು ಬರೆದರೆಂಬುದನ್ನು ನೋಡದೆ ಅಂಥ ಸಾಲನ್ನು ಎತ್ತಿಕೊಳ್ಳುವುದು ಅಪಾಯ.

ಗಣೆಯ ಫೋಟೋವನ್ನೂ ಷರಾದ ನಕಲನ್ನೂ ಹಿಡಿದು ಚಳ್ಳಕೆರೆ ಕಡೆಯ ಒಂದು ಹಟ್ಟಿಗೆ ಹೋದೆ. ಹಿರಿಯರೊಬ್ಬರು ಫೋಟೋವನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು. ಸಾಲನ್ನು ಓದಿ ಹೇಳಿದಾಗ ನಕ್ಕುಬಿಟ್ಟರು.

“ಊದಿ ತೋರ್ಸಕ್ಕೆ ಒಪ್ಪಲಿಲ್ಲ ಅಂದ್ರೆ ಅವ್ನು ಮಾರಿದ್ದು ದೇವ್ರ ಗಣೆ ಅಲ್ಲ ಬಿಡಿ ಮೇಷ್ಟ್ರೇ. ಯಾವ್ದೋ ಹೊಸ ಬಿದ್ರು ಕೊರ್ದು ಕೊಟ್ಟವ್ನೆ. ಊದಿದ್ರೆ ಗೊತ್ತಾಗ್ತಿತ್ತಲ್ಲ!”

ಇದು ನಿಜವೋ, ಹಟ್ಟಿಯ ಮಾನ ಕಾಯುವ ಮಾತೋ ನಾನು ನಿರ್ಧರಿಸಲಾರೆ. ಅವರ ಒಪ್ಪಿಗೆ ಪಡೆದು, ಅವರ ಮಾತನ್ನು ಇದ್ದಂತೆಯೇ ಬರೆದು ಆ ಸಂಗ್ರಹಾಲಯಕ್ಕೆ ಕಳುಹಿಸಿದೆ. ಮುಂದಿನ ಸಲ ಹೋದಾಗ ರಿಜಿಸ್ಟರು ತೆಗೆಸಿ ನೋಡಿದೆ. ಷರಾ ಕಾಲಂ ಕಿರಿದಾಗಿದ್ದರಿಂದ, ಆ ಮಾತನ್ನು ಬೇರೆ ಚೀಟಿಯಲ್ಲಿ ಬರೆದು ಸಾಲಿನ ಪಕ್ಕ ಅಂಟಿಸಿದ್ದರು. ಕಪಾಟಿನಲ್ಲಿ ಮಾತ್ರ ಇನ್ನೂ ‘ಬ್ಯಾಂಬೂ ಫ್ಲೂಟ್’ ಎಂದೇ ಇದೆ.