ಬಾಳೆಗೆ ಎಂತ ಹಾಕ್ಲಿ?

ಎಂತದ್ದೂ ಹಾಕಬೇಡಿ.

ಉತ್ತರ ಇಷ್ಟೇ. ಓದುವುದನ್ನು ಇಲ್ಲಿಗೇ ನಿಲ್ಲಿಸಬಹುದು. ಆದರೆ ನೀವು ನಿಲ್ಲಿಸುವವರಲ್ಲ. "ಎಂತದ್ದೂ ಬೇಡ ಅಂದ್ರೆ ಹೇಗೆ, ಸ್ವಲ್ಪ ಏನಾದ್ರೂ..." ಅಂತ ಎಳೆಯುತ್ತೀರಿ. ಅದಕ್ಕೇ ಬರೆದಿಡುತ್ತಿದ್ದೇನೆ. ಇನ್ನು ಕೇಳಿದವರಿಗೆಲ್ಲ ಇದನ್ನೇ ಕಳಿಸಿಬಿಡುವುದು.

ಪ್ರಶ್ನೆ ಯಾವಾಗಲೂ ಒಂದೇ. ಚಟ್ಟಿಯಲ್ಲಿ, ಅಂದರೆ ಕುಂಡದಲ್ಲಿ, ಇದ್ದ ಬಾಳೆಯನ್ನು ದೊಡ್ಡ ಚಟ್ಟಿಗೆ ಬದಲಾಯಿಸಿದೆವು, ಅಂದಿನಿಂದ ಸೊರಗಿದೆ, ಎಲೆ ಹಳದಿಯಾಗಿ ಜೋತುಬಿದ್ದಿದೆ, ಎಂತ ಹಾಕ್ಲಿ? ಮೂರು ವರ್ಷದ ಹಿಂದೆ ನಮ್ಮ ಬಾಡಿಗೆ ಮನೆಯ ತಾರಸಿಯಲ್ಲಿದ್ದ ಬಾಳೆ ಹೀಗೇ ಸಾಯುವ ಹಂತಕ್ಕೆ ಹೋಗಿ ಬದುಕಿತು. ನಾನು ಅದರ ಫೋಟೋ ತೆಗೆದು ಸ್ಟೇಟಸ್ ಹಾಕಿದೆ. "ಉಳಿಸಿಕೊಂಡೆ" ಅಂತ ಕೆಳಗೆ ಒಂದು ಸಾಲು ಬೇರೆ. ಅಂದಿನಿಂದ ನಾನು ಕುಟುಂಬದ ಬಾಳೆ ಡಾಕ್ಟರ್. ನಾನು ಮಾಡುವ ಕೆಲಸ ಅಂಗಡಿಗಳ ಲೆಕ್ಕ ಬರೆಯುವುದು. ಬಾಳೆಗೆಂದೇ ತಿರುಚಿರಾಪಳ್ಳಿಯಲ್ಲಿ 1993ರಿಂದ ರಾಷ್ಟ್ರೀಯ ಸಂಶೋಧನಾ ಕೇಂದ್ರ ಇದೆ. ತೆಂಗು, ಅಡಿಕೆ ವಿಷಯವಾದರೆ ನಮ್ಮ ಕಾಸರಗೋಡಿನಲ್ಲೇ ಸಿಪಿಸಿಆರ್‌ಐ ಎಂಬ ಸಂಶೋಧನಾ ಸಂಸ್ಥೆ ಇದೆ, 1916ರಲ್ಲಿ ತೆಂಗಿನ ಸಂಶೋಧನೆಗೆಂದು ಶುರುವಾದದ್ದು. ಅಲ್ಲಿನ ವಿಜ್ಞಾನಿಗಳನ್ನು ಯಾರೂ ಊಟದ ಪಂಕ್ತಿಯಲ್ಲಿ ಹಿಡಿದು ಕೂರಿಸಿ ಕೇಳುವುದಿಲ್ಲ. ನನ್ನನ್ನು ಕೇಳುತ್ತಾರೆ.

ಪಂಕ್ತಿ ಅಂದದ್ದು ಸುಮ್ನೆ ಅಲ್ಲ. ಕಳೆದ ಮೇ ತಿಂಗಳಲ್ಲಿ ಬದಿಯಡ್ಕದ ಹತ್ತಿರ ಒಂದು ಉಪನಯನ. ಪಕ್ಕದ ಎಲೆಯಲ್ಲಿ ಬೆಂಗಳೂರಿನ ಭಾವ. ಪಾಯಸ ಬಂತು. ಬಾಳೆಲೆಯಲ್ಲಿ ಪಾಯಸ ಉಣ್ಣುವುದು ಗಮನ ಬೇಡುವ ಕೆಲಸ, ಕಣ್ಣು ತಪ್ಪಿದರೆ ಅದು ಹೊರಟುಬಿಡುತ್ತದೆ. ಅಷ್ಟರಲ್ಲಿ ಭಾವ ಎಡಗೈಯಲ್ಲಿ ಫೋನ್ ಹಿಡಿದು ನನ್ನ ಮೂಗಿನ ಹತ್ತಿರ ತಂದರು. ಬಾಲ್ಕನಿ, ಹೊಸ ಚಟ್ಟಿ, ಅದರೊಳಗೆ ಒದ್ದೆ ಬಟ್ಟೆಯ ಹಾಗೆ ನೇತಾಡುವ ನಾಲ್ಕು ಎಲೆ.

"ಏನ್ ಹಾಕ್ಲಿ ಭಾವ?"

"ಇಷ್ಟರವರೆಗೆ ಎಂತೆಲ್ಲ ಹಾಕಿದ್ರಿ?"

ಡಿಎಪಿ ರಸಗೊಬ್ಬರ ಹಾಕಿದ್ದರು. ಎಪ್ಸಮ್ ಉಪ್ಪು, ಅಕ್ಕಿ ತೊಳೆದ ನೀರು, ಹುಳಿ ಮಜ್ಜಿಗೆ ಹಾಕಿದ್ದರು. ಬಾಳೆಹಣ್ಣಿನ ಸಿಪ್ಪೆ ಮೂರು ದಿನ ನೆನೆಸಿ ಆ ನೀರನ್ನೂ ಹಾಕಿದ್ದರು.

"ಇನ್ನು ಪಾಯಸ ಒಂದು ಬಾಕಿ" ಅಂದೆ.

ಭಾವ ಒಂದು ಗಳಿಗೆ ಯೋಚಿಸಿದರು. "ಬೆಲ್ಲದ್ದಾ, ಸಕ್ಕರೆಯದ್ದಾ?"

ತಮಾಷೆಗೆ ಕೇಳಿದರೋ ನಿಜಕ್ಕೋ ಇವತ್ತಿನವರೆಗೂ ನನಗೆ ಗೊತ್ತಾಗಿಲ್ಲ. ಅಷ್ಟು ಹೊತ್ತಿಗೆ ನನ್ನ ಪಾಯಸ ಎಲೆ ದಾಟಿ ಪಂಚೆ ಸೇರಿತ್ತು.

ನನಗೆ ಸಿಟ್ಟು ಬರುವುದು ಈ "ಹಾಕು" ಎಂಬ ಶಬ್ದಕ್ಕೆ. ಜ್ವರ ಬಂದು ಮಲಗಿದವನ ಬಾಯಿಗೆ ಯಾರಾದರೂ ಹೋಳಿಗೆ ತುರುಕುತ್ತಾರಾ? ಬಾಳೆ ಮರವೇ ಅಲ್ಲ. ನಾವು ದಿಂಡು ಅನ್ನುವುದು ಎಲೆಗಳ ಬುಡ ಒಂದರ ಮೇಲೊಂದು ಸುತ್ತಿಕೊಂಡದ್ದು. ಕಾಂಡ ಅಂತ ಇರುವುದು ಮಣ್ಣಿನೊಳಗಿನ ಗಡ್ಡೆ. ಬೇರು ಹೊರಡುವುದು ಆ ಗಡ್ಡೆಯಿಂದ, ಪೆನ್ಸಿಲ್ ದಪ್ಪಕ್ಕೆ, ಮೆತ್ತಗೆ. ಚಟ್ಟಿ ಬದಲಾಯಿಸುವಾಗ ಎಷ್ಟು ಜಾಗ್ರತೆ ಮಾಡಿದರೂ ಅರ್ಧಕ್ಕರ್ಧ ಮುರಿಯುತ್ತವೆ. ಮೇಲಿನ ಚಾಪೆಯಂಥ ಎಲೆಗಳು ಮಾತ್ರ ಮೊದಲಿನಷ್ಟೇ ನೀರು ಕೇಳುತ್ತವೆ. ಕೆಳಗಿನಿಂದ ಕಳಿಸಲು ಬೇರಿಲ್ಲ. ಎಲೆ ಜೋಲುತ್ತದೆ. ನೀವು ಬಾಯಾರಿಕೆ ಅಂದುಕೊಂಡು ಇನ್ನೂ ನೀರು ಸುರಿಯುತ್ತೀರಿ, ಉಳಿದ ಬೇರು ಉಸಿರು ಕಟ್ಟಿ ಕೊಳೆಯುತ್ತದೆ. ಅದರ ಮೇಲೆ ಡಿಎಪಿ ಬಿದ್ದರೆ, ಅದರ ಉಪ್ಪು ಬೇರಿನಲ್ಲಿದ್ದ ಚೂರು ನೀರನ್ನೂ ಎಳೆದುಕೊಳ್ಳುತ್ತದೆ.

ಇದೆಲ್ಲ ನಾನು ಹುಟ್ಟುವಾಗಲೇ ಕಲಿತು ಬಂದದ್ದಲ್ಲ. ನಾನೂ ಹಾಕಿದವನೇ. ಜಾಗ ಪಾಲಾಗಿ ಅಮ್ಮ ನಮ್ಮೊಟ್ಟಿಗೆ ಪೇಟೆಗೆ ಬಂದಾಗ ಕದಳಿ ಬಾಳೆಯ ಒಂದು ಮರಿ ಕಂದನ್ನು ಗೋಣಿಯಲ್ಲಿ ಸುತ್ತಿ ಮುಳ್ಳೇರಿಯಾದಿಂದ ಬಸ್ಸಿನಲ್ಲಿ ತಂದಿದ್ದರು. ಪೈಂಟಿನ ಬಕೆಟ್ಟಿನಲ್ಲಿ ಚೆನ್ನಾಗಿಯೇ ಇತ್ತು. ಪಾಪ ಇಕ್ಕಟ್ಟಾಯಿತು ಅಂತ ಏಪ್ರಿಲ್ ಬಿಸಿಲಿನಲ್ಲಿ ನಾನೇ ಅದನ್ನು ಕಿತ್ತು, ನೀಲಿ ಡ್ರಮ್ಮಿನ ಅರ್ಧಕ್ಕೆ ಬದಲಾಯಿಸಿದೆ. ಗುಡ್ಡೆಯ ಕೆಂಪು ಮಣ್ಣು ತುಂಬಿ ಕಾಲಿನಿಂದ ತುಳಿದು ಗಟ್ಟಿ ಮಾಡಿದೆ. ಅಡಿಗೆ ಹಸಿ ಸೆಗಣಿ. ಬೆಳಿಗ್ಗೆ ಸಂಜೆ ಎರಡೆರಡು ಕೊಡ ನೀರು. ಡ್ರಮ್ಮಿಗೆ ತೂತು ಕೊರೆದಿದ್ದೆ, ಆದರೆ ಅದನ್ನು ಕಾಂಕ್ರೀಟಿನ ಮೇಲೆ ಚಪ್ಪಟೆ ಕೂರಿಸಿದರೆ ತೂತು ಇದ್ದೂ ಇಲ್ಲದ ಹಾಗೆ, ಅಲ್ವಾ? ಹನ್ನೆರಡೇ ದಿನದಲ್ಲಿ ಕೆಳಗಿನ ಎಲೆ ಹಳದಿ, ಅಂಚು ಸುಟ್ಟ ಹಪ್ಪಳ, ಸುಳಿ ಇದ್ದಲ್ಲೇ ನಿಂತಿತ್ತು.

ಇಲ್ಲಿಂದ ಮುಂದಿನದ್ದನ್ನು ನಾನು ಯಾರಿಗೂ ಪೂರ್ತಿ ಹೇಳಿಲ್ಲ. ಯಾರೂ ಕೇಳಿಯೂ ಇಲ್ಲ. "ಎಂತ ಹಾಕಿದೆ?" ಅಂತ ನೂರು ಜನ ಕೇಳಿದ್ದಾರೆ. "ಅದು ಬದುಕಿದೆ ಅಂತ ಹೇಗೆ ಗೊತ್ತಾಯಿತು?" ಅಂತ ಒಬ್ಬರಾದರೂ ಕೇಳಬಾರದಿತ್ತೇ?

ಒಂದು ಸಂಜೆ ಕೆಲಸ ಮುಗಿಸಿ ಬಂದು ನೋಡಿದರೆ ಡ್ರಮ್ಮಿನಲ್ಲಿ ಮೊಣಕಾಲೆತ್ತರದ ಮೋಟು ಮಾತ್ರ ಇತ್ತು. ಎಲೆ, ದಿಂಡು ಎಲ್ಲ ಮೂಲೆಯಲ್ಲಿ ರಾಶಿ. ಅಮ್ಮ ಕತ್ತಿ ತೊಳೆಯುತ್ತಿದ್ದರು. ನಾನು ಕೂಗಾಡಿದೆ. ಅಮ್ಮ ತಿರುಗಿಯೂ ನೋಡಲಿಲ್ಲ. "ಜೀವ ಉಂಟಾ ಅಂತ ನೋಡುವಾ. ನಾಳೆ ಬೆಳಿಗ್ಗೆ ಹೇಳು" ಅಂದರು.

ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ತಾರಸಿಗೆ ಹೋದೆ. ನಿನ್ನೆ ಸಪಾಟಾಗಿ ಕಡಿದ ಜಾಗ. ಹೊರಗಿನ ಸುತ್ತುಗಳು ಕಂದಿ ಒಳಕ್ಕೆ ಮುದುಡಿದ್ದವು, ಅವುಗಳ ಜೇನುಗೂಡಿನಂಥ ಕಣ್ಣುಗಳಲ್ಲಿ ಕರೆ ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು. ಮಧ್ಯದಲ್ಲಿ ಮಾತ್ರ ಮೇಣದಬತ್ತಿಯಂಥ ಒಂದು ಬಿಳಿ ಸುರುಳಿ, ಉಳಿದದ್ದಕ್ಕಿಂತ ಅರ್ಧ ಬೆರಳು ಮೇಲೆ ಬಂದಿತ್ತು. ರಾತ್ರಿಯಿಡೀ ಯಾರೋ ಕೆಳಗಿನಿಂದ ದೂಡಿದ ಹಾಗೆ.

ಬಾಳೆಯ ಬೆಳೆಯುವ ತುದಿ ಗೊನೆ ಹೊರಡುವ ಕಾಲದವರೆಗೆ ಬುಡದಲ್ಲೇ, ಗಡ್ಡೆಯ ನೆತ್ತಿಯಲ್ಲೇ ಇರುತ್ತದೆ. ಮೇಲೆ ಕಡಿದರೆ ಅದಕ್ಕೆ ಏನೂ ಆಗುವುದಿಲ್ಲ. ಬೇರಿಗೆ ಹೊರೆಯಾಗಿದ್ದ ಎಲೆಗಳು ಹೋದವು, ಗಡ್ಡೆಯಲ್ಲಿದ್ದ ಕಸುವಿನಿಂದ ಹೊಸ ಬೇರು ಬಿಡಲು ಪುರುಸೊತ್ತು ಸಿಕ್ಕಿತು. ಗೊನೆ ಹಾಕಲು ಹೊರಟ ಬಾಳೆಯನ್ನು ಮಾತ್ರ ಹೀಗೆ ಕಡಿಯಬೇಡಿ. ತುದಿ ಆಗಲೇ ದಿಂಡಿನೊಳಗೆ ಮೇಲೇರಿರುತ್ತದೆ, ಕಡಿದರೆ ಅದರ ಕಥೆ ಮುಗಿಯಿತು, ಬುಡದ ಮರಿಗಳನ್ನೇ ನಂಬಬೇಕು. ಎರಡು ದಿನ ಕಳೆದರೂ ಮಧ್ಯದ್ದು ಏಳದೆ ಮೆತ್ತಗಾಗಿ ನಾರಿದರೆ ಗಡ್ಡೆಯೇ ಕೊಳೆತಿದೆ ಅಂತ ಲೆಕ್ಕ.

ಆ ಭಾನುವಾರ ಅಮ್ಮ ನನ್ನಿಂದಲೇ ಡ್ರಮ್ಮು ಮಗುಚಿಸಿದರು. ಚರಂಡಿ ವಾಸನೆ. ಕಪ್ಪು ಬೇರುಗಳನ್ನು ಎಳೆದರೆ ಸಿಪ್ಪೆ ಕೈಗೆ ಬಂದು ಒಳಗಿನ ನೂಲು ಮಾತ್ರ ಉಳಿಯುತ್ತಿತ್ತು. ಬೆಳ್ಳಗಿದ್ದದ್ದು ಐದೇ ಐದು. ಕೊಳೆತದ್ದನ್ನೆಲ್ಲ ಕತ್ತರಿಸಿದೆವು. ಮಣ್ಣಿಗೆ ಹೊಯಿಗೆ (ಮರಳು) ಬೆರೆಸಿದೆವು, ತೆಂಗಿನ ನಾರಿನ ಪುಡಿ, ಒಣಗಿದ ಹಟ್ಟಿಗೊಬ್ಬರ ಒಂದು ಬೊಗಸೆ. ತುಳಿಯಲಿಲ್ಲ. ಡ್ರಮ್ಮಿನ ಅಡಿಗೆ ಮೂರು ಕಲ್ಲು ಕೊಟ್ಟು ಮೆಟ್ಟಿಲಿನ ನೆರಳಿಗೆ ಸರಿಸಿದೆವು. ಬೆರಳು ಎರಡು ಗೆಣ್ಣು ಇಳಿಸಿ ನೋಡಿ, ಒಣಗಿದ್ದರೆ ಮಾತ್ರ ನೀರು. ಎರಡು ವಾರ ಕಳೆದು ಮೊದಲ ಎಲೆ ಬಿಚ್ಚಿತು. ಅದರ ತುದಿ ಕತ್ತರಿಯಿಂದ ಕತ್ತರಿಸಿದ ಹಾಗೆ ನೇರ. ಅಮ್ಮನ ಕತ್ತಿ ಸುರುಳಿಯಲ್ಲಿದ್ದಾಗಲೇ ಅದನ್ನು ಕಡಿದಿತ್ತಲ್ಲ. ಸ್ಟೇಟಸ್ಸಿನ ಫೋಟೋ ಆ ಎಲೆಯದ್ದೇ. ಒಬ್ಬರೂ ತುದಿ ಯಾಕೆ ಹಾಗಿದೆ ಅಂತ ಕೇಳಲಿಲ್ಲ. ಗೊಬ್ಬರ ಅಂತ ಬಿದ್ದದ್ದು ಮೂರನೇ ಎಲೆ ಬಂದ ಮೇಲೆ, ಒಂದು ಹಿಡಿ ಒಲೆಬೂದಿ.

ಉಪನಯನದ ದಿನ ಕೈ ತೊಳೆಯುವಲ್ಲಿ ಇಷ್ಟನ್ನೂ ಭಾವನಿಗೆ ಹೇಳಿದೆ, ಅಮ್ಮನ ಹೆಸರು ಬಿಟ್ಟು. ಕಡಿಯಿರಿ ಅಂದಾಗ ಅವರ ಮುಖ ನೋಡಬೇಕಿತ್ತು. ಆದರೂ ಕಡಿದರು. ಮೊನ್ನೆ ಫೋನ್ ಬಂತು.

"ಭಾವ, ಮಧ್ಯದ್ದು ಮೇಲೆ ಬಂತು! ಈಗ ಎಲೆಯೂ ಬಿಚ್ಚಿದೆ. ತುದಿ ಮಾತ್ರ ಕಟ್ ಆದ ಹಾಗೆ ಉಂಟು. ಅದಕ್ಕೆ ಏನ್ ಹಾಕ್ಲಿ?"

ಫೋನನ್ನು ಅಮ್ಮನ ಕೈಗೆ ಕೊಟ್ಟೆ.